ಅನುಮಾನ ಪಡುವ ಹುಡುಗಿಯರು ಬೇಕಾಗಿದ್ದಾರೆ

ಆನ್‌ಲೈನ್‌ನಲ್ಲಿ ಯಾವುದೋ ಶುಲ್ಕ ಕಟ್ಟಿದ್ದೀರಿ, ರಸೀದಿ ತೆರೆದುಕೊಂಡಿದೆ ಎಂದಿಟ್ಟುಕೊಳ್ಳಿ. ಬ್ರೌಸರ್‌ನ ಮೇಲ್ತುದಿಯಲ್ಲಿ ಕಾಣುವ ವಿಳಾಸದ ಕೊನೆಗೆ 1041 ಅಂತ ಒಂದು ಸಂಖ್ಯೆ ಇದೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿ ಅತ್ತ ಕಣ್ಣೂ ಹಾಯಿಸದೆ ಪ್ರಿಂಟ್ ಒತ್ತುತ್ತಾರೆ. ಎಲ್ಲೋ ಒಬ್ಬಳ ತಲೆಗೆ ಮಾತ್ರ ಹುಳ ಹೊಗುತ್ತದೆ. ನನ್ನದು 1041 ಆದರೆ 1042 ಯಾರದು? ಕೊನೆಯ ಅಂಕಿ ತಿದ್ದಿದರೆ ಸರ್ವರ್ ‘ನೀನ್ಯಾರು’ ಅಂತ ಕೇಳುತ್ತದೋ, ಇಲ್ಲಾ ಮುಂದಿನವರ ರಸೀದಿಯನ್ನು ಹೆಸರು, ಫೋನ್ ನಂಬರ್ ಸಮೇತ ತೆಗೆದು ಕೈಗಿಡುತ್ತದೋ?

ಕೈಗಿಟ್ಟರೆ ಅದು ದೊಡ್ಡ ತೂತು. ಸೈಬರ್ ಸುರಕ್ಷತೆಯ ಕಸುಬಿನವರ ಬಾಯಲ್ಲಿ ಅದರ ಹೆಸರು ‘ಐಡಾರ್’. ಒಳಗೆ ಬಂದವರು ಯಾರು ಎಂದು ತಂತ್ರಾಂಶ ನೋಡಿರುತ್ತದೆ. ಅವರು ಕೇಳುತ್ತಿರುವ ಕಾಗದ ಅವರದ್ದೇ ಹೌದೋ ಎಂದು ನೋಡುವುದನ್ನು ಮರೆತಿರುತ್ತದೆ. ವೆಬ್ ದೋಷಗಳ ಪಟ್ಟಿ ತಯಾರಿಸುವ ಒವಾಸ್ಪ್ ಸಂಸ್ಥೆ 2021ರಲ್ಲಿ ಮೊದಲ ಸ್ಥಾನ ಕೊಟ್ಟದ್ದು ಈ ಜಾತಿಯ ತಪ್ಪುಗಳಿಗೇ. 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಫೈನಾನ್ಷಿಯಲ್ ಕಂಪನಿಯ ಜಾಲತಾಣದಲ್ಲಿ ಹೀಗೇ ಒಂದು ಅಂಕಿ ಬದಲಿಸಿದರೆ ಸಾಕಿತ್ತು, ಬೇರೆಯವರ ಮನೆ ಖರೀದಿಯ ಪತ್ರ, ಬ್ಯಾಂಕ್ ಖಾತೆಯ ವಿವರ ಎಲ್ಲ ತೆರೆದುಕೊಳ್ಳುತ್ತಿದ್ದವು. ಬಯಲಾಗಿದ್ದ ದಾಖಲೆಗಳು ಸುಮಾರು 88.5 ಕೋಟಿ. ಅದನ್ನು ಗಮನಿಸಿ ಪತ್ರಕರ್ತರೊಬ್ಬರ ಕಿವಿಗೆ ಹಾಕಿದ್ದು ಒಬ್ಬ ರಿಯಲ್ ಎಸ್ಟೇಟ್ ವ್ಯವಹಾರದವನು. ಕಂಪ್ಯೂಟರ್ ಸುರಕ್ಷತೆ ಅವನ ಕಸುಬೇ ಆಗಿರಲಿಲ್ಲ.

ಸೈಬರ್ ಸುರಕ್ಷತೆ ಎಂದ ಕೂಡಲೇ ಪತ್ರಿಕೆಗಳಲ್ಲಿ ಅದೇ ಸವಕಲು ಚಿತ್ರ: ಮುಖ ಕಾಣದಂತೆ ಕಪ್ಪು ಟೋಪಿ ಎಳೆದುಕೊಂಡ ಗಂಡಸು, ಹಿಂದೆ ಸುರಿಯುವ ಹಸಿರು ಅಕ್ಷರಗಳು. ಪಿಯುಸಿ ಹುಡುಗಿಯೊಬ್ಬಳು ಅದನ್ನು ನೋಡಿ ಇದು ತನ್ನ ಜಾಗ ಎಂದುಕೊಳ್ಳುವುದಾದರೂ ಹೇಗೆ? ಕೆಲಸದ ಬಹುಭಾಗಕ್ಕೆ ಬೇಕಾದದ್ದು ಬೇರೆಯೇ. ಕಂಡದ್ದನ್ನು ಕಂಡಹಾಗೆ ನಂಬದ ಬುದ್ಧಿ, ಒಂದೇ ಪುಟವನ್ನು ಹತ್ತು ಸಲ ತಿರುವಿ ಹಾಕುವ ತಾಳ್ಮೆ, ಸಿಕ್ಕಿದ್ದನ್ನು ಬೇರೆಯವರಿಗೆ ಅರ್ಥವಾಗುವ ಹಾಗೆ ಬರೆದು ತಿಳಿಸುವ ಶಕ್ತಿ. ಕೋಡಿಂಗ್ ಬರಬೇಕು, ನೆಟ್‌ವರ್ಕ್ ತಿಳಿದಿರಬೇಕು, ನಿಜ. ಅವು ಕಲಿತರೆ ಬರುತ್ತವೆ.

ಈ ಕ್ಷೇತ್ರದಲ್ಲಿ ಹೆಂಗಸರು ಹೊಸಬರೇನೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರ ಗುಪ್ತ ಸಂದೇಶಗಳನ್ನು ಒಡೆದ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನ ಸಿಬ್ಬಂದಿಯಲ್ಲಿ ಸುಮಾರು ಮುಕ್ಕಾಲು ಪಾಲು ಅವರೇ ಇದ್ದರು. ಅಲನ್ ಟ್ಯೂರಿಂಗ್ ಜತೆ ಎನಿಗ್ಮಾ ಸಂಕೇತಗಳ ಬೆನ್ನು ಹತ್ತಿದ್ದ ಗಣಿತಜ್ಞೆ ಜೋನ್ ಕ್ಲಾರ್ಕ್ ಅವರಿಗೆ ಬಡ್ತಿ ಕೊಡೋಣವೆಂದರೆ ಹೆಣ್ಣಿಗೆ ಗೂಢಲಿಪಿ ತಜ್ಞೆಯ ಹುದ್ದೆಯೇ ಸರ್ಕಾರಿ ಕಡತದಲ್ಲಿರಲಿಲ್ಲ. ಕೊನೆಗೆ ‘ಭಾಷಾತಜ್ಞೆ’ ಎಂದು ಬರೆದುಕೊಂಡು ಸಂಬಳ ಹೆಚ್ಚಿಸಿದರು. ನಮೂನೆ ತುಂಬುವಾಗ ಹುದ್ದೆ: ಭಾಷಾತಜ್ಞೆ, ಬಲ್ಲ ಭಾಷೆ: ಯಾವುದೂ ಇಲ್ಲ ಎಂದು ಬರೆಯಲು ಆಕೆಗೆ ಬಲು ಖುಷಿಯಂತೆ.

ಇಂದು ಕಡತದಲ್ಲಿ ಹುದ್ದೆಗಳಿವೆ, ಹೆಂಗಸರು ಕಡಿಮೆ. ಸೈಬರ್ ಸುರಕ್ಷತಾ ವೃತ್ತಿಪರರ ಜಾಗತಿಕ ಸಂಘ ಐಎಸ್‌ಸಿ2ರ ಸಮೀಕ್ಷೆಗಳಲ್ಲಿ ಅವರ ಪಾಲು ಸುಮಾರು ಕಾಲುಭಾಗದಷ್ಟೇ. ಇದರಿಂದ ನ್ಯಾಯಕ್ಕೆ ಕುಂದು ಎಂಬುದು ಒಂದು ಮಾತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು: ಕಾವಲು ಕಾಯುವವರೆಲ್ಲ ಒಂದೇ ತರಹದವರಾದರೆ ಕೆಲವು ಕಳ್ಳರು ಅವರ ಕಣ್ಣಿಗೇ ಬೀಳುವುದಿಲ್ಲ.

ಸ್ಟಾಕರ್‌ವೇರ್ ಕಥೆಯನ್ನೇ ನೋಡಿ. ಹೆಂಡತಿಯದೋ ಗೆಳತಿಯದೋ ಫೋನಿಗೆ ಗುಟ್ಟಾಗಿ ಹಾಕಿಬಿಡುವ ಆ್ಯಪ್ ಇದು. ಒಮ್ಮೆ ಕೂತಿತೆಂದರೆ ಆಕೆ ಎಲ್ಲಿದ್ದಾಳೆ, ಯಾರಿಗೆ ಏನು ಬರೆದಳು ಎಲ್ಲವೂ ಹಾಕಿದವನ ಫೋನಿಗೆ. ಬಹಳ ಕಾಲ ಆ್ಯಂಟಿವೈರಸ್ ಕಂಪನಿಗಳು ಇದನ್ನು ಅಪಾಯದ ಪಟ್ಟಿಗೆ ಸೇರಿಸಲು ಮನಸ್ಸು ಮಾಡಲಿಲ್ಲ; ಕ್ಯಾಸ್ಪರ್‌ಸ್ಕಿಯಂಥ ಹೆಸರಾಂತ ಕಂಪನಿಯೇ ‘ವೈರಸ್ ಅಲ್ಲ’ ಎಂಬ ಚೀಟಿ ಅಂಟಿಸಿ ಸುಮ್ಮನಿತ್ತು. ಅವರ ಲೆಕ್ಕದಲ್ಲಿ ಕಳ್ಳ ಅಂದರೆ ದೂರದ ಅಪರಿಚಿತ. ಫೋನ್ ಕೈಯಲ್ಲಿ ಹಿಡಿದು, ಪಾಸ್‌ವರ್ಡ್ ಹಾಕಿ ಆ್ಯಪ್ ಇಳಿಸಿದವನು ಮಾಲೀಕನೇ ಇರಬೇಕು ತಾನೆ?

ಪಾಸ್‌ವರ್ಡ್ ಗೊತ್ತಿರುವ ಗಂಡನೇ ಕಳ್ಳನಾಗಬಲ್ಲ ಎಂದು ಗಟ್ಟಿಯಾಗಿ ಹೇಳಿದವರು ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ಈವಾ ಗಾಲ್ಪರಿನ್. ಹಿಂಸೆಗೊಳಗಾಗಿ, ತಮ್ಮ ಫೋನನ್ನೂ ನಂಬಲಾರದ ಹೆಂಗಸರಿಗೆ ನೆರವಾಗುತ್ತೇನೆಂದು 2018ರಲ್ಲಿ ಅವರು ಟ್ವೀಟ್ ಮಾಡಿದ್ದೇ ತಡ, ಮೊರೆಗಳ ಪ್ರವಾಹವೇ ಹರಿದು ಬಂತು. ಆಕೆ ಕಂಪನಿಗಳ ಬೆನ್ನು ಬಿಡಲಿಲ್ಲ. 2019ರ ಏಪ್ರಿಲ್‌ನಲ್ಲಿ ಕ್ಯಾಸ್ಪರ್‌ಸ್ಕಿ ಇಂಥ ಆ್ಯಪ್ ಕಂಡರೆ ಎಚ್ಚರಿಸುವ ವ್ಯವಸ್ಥೆ ತಂದಿತು. ಅದೇ ವರ್ಷ ಸ್ಟಾಕರ್‌ವೇರ್ ವಿರುದ್ಧದ ಒಕ್ಕೂಟವೂ ಹುಟ್ಟಿತು. ಇಲ್ಲಿ ಹೊಸ ಗಣಿತ ಬೇಕಾಗಿರಲಿಲ್ಲ, ಹೊಸ ಯಂತ್ರ ಬೇಕಾಗಿರಲಿಲ್ಲ. ಮನೆಯೊಳಗಿನ ಅಪಾಯ ಹೇಗಿರುತ್ತದೆ ಎಂದು ಬಲ್ಲವರೊಬ್ಬರು ಬೇಕಿತ್ತು. ಪಾಠ ಎಲ್ಲರಿಗೂ ತಲುಪಿತು ಎನ್ನುವಂತಿಲ್ಲ. 2021ರಲ್ಲಿ ಆ್ಯಪಲ್, ಕಳೆದ ವಸ್ತು ಎಲ್ಲಿದೆ ಎಂದು ತೋರಿಸುವ ತನ್ನ ಏರ್‌ಟ್ಯಾಗ್ ಬಿಟ್ಟಾಗ, ಯಾರಾದರೂ ಅದನ್ನು ಗುಟ್ಟಾಗಿ ನಿಮ್ಮ ಬ್ಯಾಗಿಗೆ ಹಾಕಿದರೆ ಎಚ್ಚರಿಕೆ ಬರುತ್ತಿದ್ದದ್ದು ಐಫೋನ್ ಇದ್ದವರಿಗೆ. ಆ್ಯಂಡ್ರಾಯ್ಡ್‌ನವರಿಗೆ ಅದನ್ನು ಪತ್ತೆಹಚ್ಚುವ ಒಂದು ಆ್ಯಪ್ ಸಿಗಲು ವರ್ಷದ ಕೊನೆ ಬರಬೇಕಾಯಿತು.

ನಮ್ಮ ಮನೆಗಳಲ್ಲಂತೂ ತಂಗಿಯ ಫೋನಿನ ಪ್ಯಾಟರ್ನ್ ಅಣ್ಣನಿಗೆ ಗೊತ್ತಿರುತ್ತದೆ, ಹೆಂಡತಿಯ ಜಿಮೇಲ್ ಖಾತೆ ಗಂಡನ ನಂಬರಿಗೆ ಜೋಡಣೆಯಾಗಿರುತ್ತದೆ. ಸಾಲದ ಆ್ಯಪ್‌ನವರು ಫೋನಿನಲ್ಲಿರುವ ನಂಬರುಗಳನ್ನೆಲ್ಲ ಬಾಚಿಕೊಂಡು, ಫೋಟೊ ತಿರುಚಿ ನೆಂಟರಿಷ್ಟರಿಗೆ ಕಳಿಸುತ್ತೇವೆಂದು ಹೆದರಿಸುವಾಗ ಹೆಣ್ಣುಮಕ್ಕಳಿಗೆ ಬೀಳುವ ಪೆಟ್ಟೇ ಬೇರೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಈಗ ಜಿಲ್ಲೆಜಿಲ್ಲೆಯಲ್ಲೂ ‘ಸೆನ್’ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಅಂಥ ಠಾಣೆಯ ಮೆಟ್ಟಿಲು ಹತ್ತಿದ ಹುಡುಗಿ ತನ್ನ ತಿರುಚಿದ ಫೋಟೊವನ್ನು ಮೇಜಿನಾಚೆ ಕೂತವರಿಗೆ ತೋರಿಸಬೇಕು. ಆಚೆ ಕೂತವರು ಯಾರು ಎಂಬುದರ ಮೇಲೆ ಆಕೆ ಬಾಯಿ ಬಿಡುತ್ತಾಳೋ, ‘ಏನಿಲ್ಲ ಬಿಡಿ ಸರ್’ ಅಂತ ಎದ್ದು ಹೋಗುತ್ತಾಳೋ ನಿಂತಿರುತ್ತದೆ.

ಊರಿನ ಹುಡುಗ-ಹುಡುಗಿಯರಿಗೆ ಗೊತ್ತಿರುವ ಇನ್ನೂ ಒಂದು ವಿಷಯವಿದೆ: ಊರು. ‘ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟ್ ಕಟ್’ ಎಂಬ ಸಂದೇಶ ಬಂದಾಗ, ಲೈನ್‌ಮ್ಯಾನ್ ಯಾವ ಹೊತ್ತಿಗೆ ಬರುತ್ತಾನೆಂದು ಬಲ್ಲವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಅನುಮಾನ. ಮದುವೆ ಕರೆಯೋಲೆ ಎಂದು ವಾಟ್ಸ್‌ಆ್ಯಪ್‌ಗೆ ಬರುವ ‘ಎಪಿಕೆ’ ಎಂಬ ಆ್ಯಪ್ ಕಡತವೂ ಅಷ್ಟೇ. ಕರೆಯೋಲೆ ಫೋಟೊ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡು ಅಂತ ಯಾವ ಬೀಗರು ಹೇಳುತ್ತಾರೆ? 2024ರ ಅಕ್ಟೋಬರ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಮೋಸದ ಬಗ್ಗೆ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಎಚ್ಚರಿಸುವಾಗ ಕೇಳಿಸಿದ ಧ್ವನಿಮುದ್ರಣ ವಿಜಯಪುರದ ಯುವಕನೊಬ್ಬನದು. ಪೊಲೀಸ್ ವೇಷದ ಮೋಸಗಾರ ಗದರಿಸುತ್ತಿದ್ದರೆ, ಆತ ಗಾಬರಿಯಾಗದೆ ಕರೆಯನ್ನು ರೆಕಾರ್ಡ್ ಮಾಡಿಕೊಂಡಿದ್ದ. ಸಾಕ್ಷ್ಯ ಕೂಡಿಡುವ ಆ ಬುದ್ಧಿಯೇ ತನಿಖೆಯ ಮೊದಲ ಪಾಠ.

ಹಾಗಾದರೆ ಕೆಲಸ ಶುರುವಾಗುವುದು ಎಲ್ಲಿಂದ? ಬಹಳ ಮಂದಿಗೆ ‘ಸಾಕ್’ನಿಂದ, ಅಂದರೆ ಕಂಪನಿಯ ಜಾಲದ ಮೇಲೆ ಹಗಲುರಾತ್ರಿ ಕಣ್ಣಿಡುವ ಕೋಣೆಯಿಂದ. ಹೊಸಬರದ್ದು ‘ಎಲ್1’ ಮೇಜು. ಪರದೆಯ ಮೇಲೆ ಸಾಲುಸಾಲು ಎಚ್ಚರಿಕೆಗಳು. ಒಂದನ್ನು ತೆಗೆಯಿರಿ: ಹುಬ್ಬಳ್ಳಿ ಶಾಖೆಯ ಲೆಕ್ಕಿಗರು ಬೆಳಿಗ್ಗೆ 10.05ಕ್ಕೆ ಕಚೇರಿಯಿಂದ ಲಾಗಿನ್ ಆಗಿದ್ದಾರೆ, 10.20ಕ್ಕೆ ಅದೇ ಖಾತೆಗೆ ಇನ್ಯಾವುದೋ ದೇಶದಿಂದ ಲಾಗಿನ್. ಹದಿನೈದು ನಿಮಿಷದಲ್ಲಿ ಯಾವ ವಿಮಾನವೂ ಅಲ್ಲಿಗೆ ಮುಟ್ಟಿಸದು. ಕಳ್ಳನೋ, ಅಥವಾ ಲೆಕ್ಕಿಗರೇ ಬೇರೆ ದೇಶದಲ್ಲಿರುವಂತೆ ತೋರಿಸುವ ವಿಪಿಎನ್ ಹಾಕಿಕೊಂಡಿದ್ದಾರೋ? ಹಿಂದಿನ ವಾರವೂ ಹೀಗೇ ಆಗಿತ್ತೇ? ಲಾಗಿನ್ ಆದ ಕೂಡಲೇ ಮೇಲ್‌ಗಳನ್ನು ಬೇರೆ ವಿಳಾಸಕ್ಕೆ ತಿರುಗಿಸುವ ನಿಯಮವೇನಾದರೂ ಹಾಕಿದ್ದಾರೆಯೇ? ಹೌದಾದರೆ ಖಾತೆಗೆ ಬೀಗ ಜಡಿದು, ಮೇಲಿನವರನ್ನು ನಿದ್ದೆಯಿಂದಾದರೂ ಎಬ್ಬಿಸಬೇಕು. ಹೆಚ್ಚಿನವು ಸುಳ್ಳು ಗಂಟೆಗಳೇ. ಬೇಸರ ಬಂದು ಕಣ್ಣು ಮುಚ್ಚಿ ‘ಕ್ಲೋಸ್’ ಒತ್ತುತ್ತಾ ಹೋದ ದಿನವೇ ನಿಜವಾದದ್ದು ನುಸುಳಿರುತ್ತದೆ.

ಈ ಕೋಣೆ ಮೂರು ಪಾಳಿಯಲ್ಲಿ ನಡೆಯುತ್ತದೆ. ಎಡವಟ್ಟಾಗುವುದು ಇಲ್ಲೇ. ರಾತ್ರಿ ಹತ್ತಕ್ಕೆ ಗೇಟು ಹಾಕುವ ಪಿಜಿ, ಹೊತ್ತಿಗೆ ಬಾರದ ಕ್ಯಾಬು, ಊರಿನಿಂದ ಅಮ್ಮನ ಫೋನು: ‘ರಾತ್ರಿ ಪಾಳಿ ಅಂದ್ರೆ ನಾಳೆ ಸಂಬಂಧ ಕೂಡಿ ಬರೋದು ಹೇಗಮ್ಮ?’ ಬುದ್ಧಿವಂತೆ ಹುಡುಗಿ ಟೆಸ್ಟಿಂಗ್ ಕೆಲಸಕ್ಕೋ ಬ್ಯಾಂಕ್ ಪರೀಕ್ಷೆಗೋ ತಿರುಗಿಕೊಳ್ಳುವುದು ಇಂಥ ಕಡೆ. ಹೆಣ್ಣುಮಕ್ಕಳಿಗೆ ಆಸಕ್ತಿ ಇಲ್ಲ ಎಂದು ವೇದಿಕೆಯ ಮೇಲೆ ಹೇಳುವವರು ಒಮ್ಮೆ ಆ ಪಿಜಿಯ ಗೇಟಿನ ಮುಂದೆ ನಿಂತು ನೋಡಬೇಕು. ಮನೆಯವರಿಗೆ ಇನ್ನೊಂದು ಮಾತೂ ಗೊತ್ತಿರಲಿ: ರಾತ್ರಿ ಪಾಳಿ ಇಲ್ಲಿ ಎಲ್ಲರ ಹಣೆಬರಹವಲ್ಲ. ಆ್ಯಪ್ ಬರೆಯುವಾಗಲೇ ತೂತು ಹುಡುಕುವವರು, ಲೆಕ್ಕಪರಿಶೋಧನೆ ಮಾಡುವವರು, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಕಂಪನಿಗೆ ಅರ್ಥಮಾಡಿಸುವವರು, ಇವರೆಲ್ಲ ಬಹುಮಟ್ಟಿಗೆ ಹಗಲಿನವರು. ಕಾನೂನು, ವಾಣಿಜ್ಯ ಓದಿದವರಿಗೂ ಅಲ್ಲಿ ಕುರ್ಚಿ ಇದೆ.

ಇನ್ನು ಕಂಪನಿಗಳ ಕಥೆ. ಜಗತ್ತಿನಲ್ಲಿ ಸುಮಾರು 48 ಲಕ್ಷ ಸೈಬರ್ ಸುರಕ್ಷತಾ ಕೆಲಸಗಾರರ ಕೊರತೆ ಎಂದು ಐಎಸ್‌ಸಿ2 2024ರಲ್ಲಿ ಅಂದಾಜು ಮಾಡಿತು. ಅದೇ ವರದಿಯಲ್ಲಿ ಮೂರರಲ್ಲಿ ಒಬ್ಬರಷ್ಟು ಮಂದಿ ‘ನಮ್ಮ ತಂಡದಲ್ಲಿ ಹೊಸಬರೇ ಇಲ್ಲ’ ಎಂದಿದ್ದಾರೆ. ಜನ ಸಿಗುತ್ತಿಲ್ಲ ಎಂದು ಗೋಳಾಡುತ್ತಾ, ಮೊದಲ ಕೆಲಸಕ್ಕೇ ಎರಡು ವರ್ಷದ ಅನುಭವ ಕೇಳಿದರೆ ಅನುಭವ ಮರದ ಮೇಲೆ ಬಿಡುತ್ತದೆಯೇ? ಈ ಸಂದಿಯಲ್ಲೇ ‘45 ದಿನದಲ್ಲಿ ಎಥಿಕಲ್ ಹ್ಯಾಕರ್, ಕೆಲಸ ಗ್ಯಾರಂಟಿ’ ಎಂಬ ಫ್ಲೆಕ್ಸ್‌ಗಳು ಏಳುವುದು. ಅಪ್ಪ ಸಾಲ ಮಾಡಿ ಕಟ್ಟಿದ ಹಣಕ್ಕೆ ಸಿಗುವುದು ಹಳೆಯ ವಿಡಿಯೊಗಳು ಮತ್ತು ಬಣ್ಣದ ಸರ್ಟಿಫಿಕೇಟು.

ಹಣ ಕೊಡದೆ ಕಲಿಯಲು ದಾರಿಗಳಿವೆ, ಒಳ್ಳೆಯ ದಾರಿಗಳೇ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಶಾಲಾ ಮಕ್ಕಳನ್ನೂ ಮನಸ್ಸಿನಲ್ಲಿಟ್ಟು 2013ರಲ್ಲಿ ಆರಂಭಿಸಿದ ಪಿಕೊಸಿಟಿಎಫ್ ಒಗಟುಗಳು ಉಚಿತ. ಪೋರ್ಟ್‌ಸ್ವಿಗರ್‌ನವರ ವೆಬ್ ಸೆಕ್ಯುರಿಟಿ ಅಕಾಡೆಮಿ ಉಚಿತ. ಒವಾಸ್ಪ್‌ನವರ ‘ಜ್ಯೂಸ್ ಶಾಪ್’ ಬೇಕಂತಲೇ ತೂತು ಬಿಟ್ಟು ಕಟ್ಟಿದ ನಕಲಿ ಜ್ಯೂಸ್ ಅಂಗಡಿ. ಅದನ್ನು ಎಷ್ಟು ಲೂಟಿ ಮಾಡಿದರೂ ಯಾರೂ ಕೇಳುವುದಿಲ್ಲ. ಮೇಲೆ ಹೇಳಿದ ಅಂಕಿ ಬದಲಿಸುವ ಆಟವನ್ನು ಆಡಬೇಕಾದದ್ದು ಇಂಥಲ್ಲಿ. ಕಾಲೇಜಿನ ನಿಜವಾದ ಜಾಲತಾಣದಲ್ಲಿ ಅನುಮತಿ ಇಲ್ಲದೆ ಆಡಲು ಹೋದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಎದುರಾಗಬಹುದು: ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳ್ಳೆಯದಕ್ಕೇ ಮಾಡಿದೆ ಎಂದರೆ ಎಲ್ಲ ಇನ್‌ಸ್ಪೆಕ್ಟರುಗಳೂ ಒಪ್ಪುವುದಿಲ್ಲ.

ಅನುಮತಿ ಕೊಟ್ಟು ಬಹುಮಾನವನ್ನೂ ಇಡುವ ಕಂಪನಿಗಳಿವೆ. ಚೆನ್ನೈನ ಸುರಕ್ಷತಾ ಸಂಶೋಧಕ ಲಕ್ಷ್ಮಣ್ ಮುತ್ತಯ್ಯ 2019ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಕಂಡದ್ದು ಸರಳವಾದ ಲೆಕ್ಕ. ಪಾಸ್‌ವರ್ಡ್ ಮರೆತರೆ ಬರುವ ಆರಂಕಿಯ ಕೋಡ್‌ಗೆ ಇರುವುದು ಹತ್ತು ಲಕ್ಷ ಸಾಧ್ಯತೆ, ಬಾಳಿಕೆ ಹತ್ತು ನಿಮಿಷ. ಒಂದೇ ಕಡೆಯಿಂದ ಬಡಿದರೆ ಬಾಗಿಲು ಮುಚ್ಚುತ್ತದೆ. ಸಾವಿರಾರು ಐಪಿ ವಿಳಾಸಗಳಿಂದ ಏಕಕಾಲಕ್ಕೆ ಬಡಿದರೆ? ಆ ಪ್ರಶ್ನೆಗೆ ಫೇಸ್‌ಬುಕ್ ಕೊಟ್ಟದ್ದು 30,000 ಡಾಲರ್. ಹುಡುಗಿಯರೂ ಹಿಂದೆ ಬಿದ್ದಿಲ್ಲ. ನೆರೆಯ ಕೇರಳದ ಅಮೃತಪುರಿಯಲ್ಲಿ ಅಮೃತ ವಿಶ್ವವಿದ್ಯಾಪೀಠದ ಹುಡುಗಿಯರೇ ಕಟ್ಟಿಕೊಂಡ ‘ಟೀಮ್ ಶಕ್ತಿ’ ಹ್ಯಾಕಿಂಗ್ ಸ್ಪರ್ಧೆಗಳಲ್ಲಿ ಆಡುತ್ತದೆ, ತಾನೇ ಸ್ಪರ್ಧೆಯನ್ನೂ ನಡೆಸುತ್ತದೆ. ಹಿರಿಯರು ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಪದ್ಧತಿ ಅಲ್ಲಿ ಬೇರು ಬಿಟ್ಟಿದೆ. ನಮ್ಮಲ್ಲೂ ರಾಜ್ಯ ಸರ್ಕಾರದ ಸೈಬರ್ ಸುರಕ್ಷತಾ ಕೇಂದ್ರ ‘ಸೈಸೆಕ್’ ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿದೆ, 2024ರಲ್ಲಿ ರಾಜ್ಯದ ಸೈಬರ್ ಸುರಕ್ಷತಾ ನೀತಿ ಬಂದಿದೆ. ಎಂಜಿನಿಯರಿಂಗ್ ಮುಗಿಸಿದ ಹೆಣ್ಣುಮಕ್ಕಳಿಗೆಂದೇ ಮೈಕ್ರೊಸಾಫ್ಟ್ ಮತ್ತು ಭಾರತೀಯ ದತ್ತಾಂಶ ಸುರಕ್ಷತಾ ಮಂಡಳಿ (ಡಿಎಸ್‌ಸಿಐ) 2018ರಲ್ಲಿ ‘ಸೈಬರ್ ಶಿಕ್ಷಾ’ ತರಬೇತಿ ಶುರುಮಾಡಿದವು. ಇವೆಲ್ಲ ಬೆಂಗಳೂರು ದಾಟಿ ಹಾವೇರಿ, ಯಾದಗಿರಿಯ ಕಾಲೇಜಿನ ಸೂಚನಾ ಫಲಕ ಮುಟ್ಟುವುದು ಯಾವಾಗ ಎಂಬುದೊಂದೇ ನನ್ನ ತಕರಾರು.

ಅಕ್ಟೋಬರ್ ಬಂತೆಂದರೆ ಸೈಬರ್ ಜಾಗೃತಿ ಮಾಸ. ಕಾಲೇಜುಗಳಲ್ಲಿ ಭಾಷಣ, ಜಾಥಾ, ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ರಂಗೋಲಿ ಸ್ಪರ್ಧೆ. ರಂಗೋಲಿ ಹಾಕುವವರು ಹುಡುಗಿಯರು, ಬಹುಮಾನ ಕೊಡುವವರು ಅತಿಥಿ ಮಹಾಶಯರು. ರಂಗೋಲಿ ಇರಲಿ ಬಿಡಿ. ಅದರ ಮರುದಿನ ಅದೇ ಹುಡುಗಿಯರಿಗೆ ಲ್ಯಾಬಿನ ಬೀಗ ತೆಗೆದುಕೊಟ್ಟು, ಆ ಜ್ಯೂಸ್ ಅಂಗಡಿಯನ್ನು ಒಂದು ಕಂಪ್ಯೂಟರಿನಲ್ಲಿ ಕೂರಿಸಿ, ಸಂಜೆ ಐದಕ್ಕೆ ಮುಚ್ಚುವ ಬಾಗಿಲನ್ನು ರಾತ್ರಿ ಎಂಟರವರೆಗೆ ತೆರೆದಿಟ್ಟು, ಮನೆಗೆ ಬಿಡಲು ಕಾಲೇಜಿನ ಬಸ್ಸೊಂದನ್ನು ನಿಲ್ಲಿಸಿಕೊಂಡರೆ ಆಡಳಿತ ಮಂಡಳಿಗೆ ತಗಲುವ ಖರ್ಚು ಡೀಸೆಲ್ಲಿನದು, ಡ್ರೈವರ್ ಮತ್ತು ಅಟೆಂಡರ್ ಇಬ್ಬರ ಓವರ್‌ಟೈಮಿನದು.