ಎಲ್ಲ ಎದೆನೋವೂ ಹಾರ್ಟ್ ಅಟ್ಯಾಕ್ ಅಲ್ಲ: ಮಹಾಪಧಮನಿ ಸೀಳಿದಾಗ ಗಂಟೆಗಳು ಯಾರ ಕೈಲಿ?

2025ರ ಜೂನ್ ಕೊನೆ, ಜುಲೈ ಶುರುವಿನಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಕ್ಯೂ ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ವರದಿ ಮಾಡಲೇಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು.

ಆ ಗದ್ದಲದಲ್ಲಿ ನನಗೆ ಕಾಡಿದ್ದು ಒಂದೇ ಪ್ರಶ್ನೆ. ಮರಣೋತ್ತರ ಪರೀಕ್ಷೆಯೇ ಆಗದಿದ್ದರೆ, ಅದು ಹಾರ್ಟ್ ಅಟ್ಯಾಕೇ ಅಂತ ನಮಗೆ ಹೇಗೆ ಗೊತ್ತಾಯ್ತು? ಎದೆ ಹಿಡಿದುಕೊಂಡು ಕುಸಿದವರಿಗೆಲ್ಲ ನಮ್ಮ ಹತ್ತಿರ ಇರೋದು ಅದೊಂದೇ ಹೆಸರು. ಬದುಕಿರುವವರಿಗಾದರೆ ಇನ್ನೊಂದು ಹೆಸರಿದೆ: ಗ್ಯಾಸ್ಟ್ರಿಕ್. ಇವೆರಡರ ನಡುವೆ ಕಣ್ತಪ್ಪಿ ಹೋಗುವ ಮೂರನೆಯದೊಂದಿದೆ. ಅದರ ಬಗ್ಗೆ ಈ ಬರಹ.

ನಾನು ವೈದ್ಯನಲ್ಲ, ಆರೋಗ್ಯ ವ್ಯವಸ್ಥೆ ಬಗ್ಗೆ ಬರೆಯುವವನು. ಆದರೆ ಈ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳೋಕೆ ಹೊರಟರೆ, ಅರ್ಧ ದಾರಿಯಲ್ಲೇ ಅದು ವೈದ್ಯಶಾಸ್ತ್ರದಿಂದ ರಾಜಕೀಯಕ್ಕೆ ತಿರುಗುತ್ತದೆ.

ಒಳಗೆ ಆಗೋದೇನು?

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿ ಅಥವಾ ಅಯೋರ್ಟಾ ಅಂತಾರೆ. ಹೃದಯದಿಂದ ಮೇಲಕ್ಕೆ ಹೋಗಿ, ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲೇ ಇಳಿದು, ಹೊಕ್ಕಳಿನ ಮಟ್ಟದಲ್ಲಿ ಎರಡು ಕಾಲಿಗೆ ಕವಲೊಡೆಯುತ್ತದೆ. ಮಿದುಳು, ಕೈ, ಮೂತ್ರಪಿಂಡ, ಕರುಳು ಎಲ್ಲಕ್ಕೂ ರಕ್ತ ಹೋಗೋದು ಇದರ ಕವಲುಗಳಿಂದಲೇ.

ಇದರ ಗೋಡೆಗೆ ಮೂರು ಪದರ. ಒಳಪದರ ಒಂದು ಕಡೆ ಹರಿದರೆ, ಹೃದಯ ನೂಕುವ ರಕ್ತ ಆ ಬಿರುಕಿನಲ್ಲಿ ನುಗ್ಗಿ ಪದರಗಳನ್ನು ಬೇರೆ ಮಾಡುತ್ತಾ ಹೋಗುತ್ತದೆ. ಬಾಳೆಕಂಬದ ಪಟ್ಟೆ ಬಿಡಿಸಿದ ಹಾಗೆ. ಒಂದೊಂದು ಬಡಿತಕ್ಕೂ ಸೀಳು ಇನ್ನಷ್ಟು ಉದ್ದವಾಗಬಹುದು. ದಾರಿಯಲ್ಲಿ ಮಿದುಳಿನ ನಾಳ ಮುಚ್ಚಿದರೆ ಪಾರ್ಶ್ವವಾಯು, ಕಾಲಿನ ನಾಳ ಮುಚ್ಚಿದರೆ ಕಾಲು ತಣ್ಣಗೆ. ಹೊರಪದರವೂ ಒಡೆದರೆ ಕೆಲವೇ ನಿಮಿಷ.

ಸೀಳು ಹೃದಯಕ್ಕೆ ಹತ್ತಿರದ, ಮೇಲೇರುವ ಭಾಗದಲ್ಲಿದ್ದರೆ ಅದನ್ನು ಟೈಪ್ ಎ ಅಂತಾರೆ. ಅದಕ್ಕೆ ತಕ್ಷಣ ಆಪರೇಷನ್ ಆಗಬೇಕು. ಕೆಳಗಿಳಿಯುವ ಭಾಗದಲ್ಲಷ್ಟೇ ಇದ್ದರೆ ಟೈಪ್ ಬಿ. ಬಹಳಷ್ಟು ಸಲ ಔಷಧಿಯಿಂದ ಬಿಪಿ ಇಳಿಸಿ ಕಾಯಬಹುದು, ಕೆಲವರಿಗೆ ಸ್ಟೆಂಟ್ ಬೇಕಾಗುತ್ತದೆ.

ಟೈಪ್ ಎ ಚಿಕಿತ್ಸೆ ಇಲ್ಲದೆ ಬಿಟ್ಟರೆ ಮೊದಲ ಎರಡು ದಿನ ಗಂಟೆಗೆ ನೂರಕ್ಕೆ ಒಬ್ಬರಿಂದ ಇಬ್ಬರು ಸಾಯುತ್ತಾರೆ ಅನ್ನೋದು ದಶಕಗಳಿಂದ ಪಠ್ಯಪುಸ್ತಕದಲ್ಲಿರುವ ಲೆಕ್ಕ. 1996ರಲ್ಲಿ ಶುರುವಾದ ಅಂತಾರಾಷ್ಟ್ರೀಯ ನೋಂದಣಿಯ ಈಚಿನ ದತ್ತಾಂಶದಲ್ಲಿ, ಆಪರೇಷನ್ ಆಗದೆ ಉಳಿದವರಲ್ಲಿ ಈ ಪ್ರಮಾಣ ಗಂಟೆಗೆ ಸುಮಾರು ಶೇ 0.5. ಆದರೆ ಇದು ದೊಡ್ಡ ಆಸ್ಪತ್ರೆಗೆ ತಲುಪಿ, ಕಾಯಿಲೆ ಪತ್ತೆಯಾದವರ ಲೆಕ್ಕ. ದಾರಿಯಲ್ಲಿ ಹೋದವರು ಇದರಲ್ಲಿ ಇಲ್ಲ.

ಎರಡು ಆಸ್ಪತ್ರೆ, ಎರಡು ಸಲ ಮನೆಗೆ

ಇದು ಎಷ್ಟು ಸುಲಭವಾಗಿ ತಪ್ಪಿಹೋಗುತ್ತದೆ ಅನ್ನೋದಕ್ಕೆ ನ್ಯೂಯಾರ್ಕ್‌ನ ಜೊನಾಥನ್ ಲಾರ್ಸನ್ ಕತೆ ಗೊತ್ತಿರಬೇಕು. ವರ್ಷಗಟ್ಟಲೆ ಹೋಟೆಲಿನಲ್ಲಿ ವೇಯ್ಟರ್ ಕೆಲಸ ಮಾಡುತ್ತಾ ಸಂಗೀತ ನಾಟಕ ಬರೆದವನು. ಬಾಡಿಗೆ ಕಟ್ಟಲಾಗದ ಕಲಾವಿದರು, ಏಡ್ಸ್ ಪೀಡಿತ ಗೆಳೆಯರ ಬದುಕಿನ ಮೇಲಿನ 'ರೆಂಟ್' ನಾಟಕ 1996ರ ಜನವರಿಯಲ್ಲಿ ಮೊದಲ ಪ್ರದರ್ಶನಕ್ಕೆ ಸಿದ್ಧವಾಗಿತ್ತು. ಆ ವಾರ ಲಾರ್ಸನ್‌ಗೆ ಎದೆನೋವು. ಒಂದು ಆಸ್ಪತ್ರೆ ಫುಡ್ ಪಾಯ್ಸನ್ ಅಂತ ಕಳಿಸಿತು. ಎರಡು ದಿನದ ಮೇಲೆ ಇನ್ನೊಂದು ಆಸ್ಪತ್ರೆ ವೈರಲ್ ಅಂತ ಕಳಿಸಿತು. ಜನವರಿ 25ರ ನಸುಕಿನಲ್ಲಿ, ಪ್ರದರ್ಶನ ಶುರುವಾಗಬೇಕಿದ್ದ ದಿನವೇ, ಅವನು ಮನೆಯಲ್ಲಿ ಸತ್ತುಬಿದ್ದಿದ್ದ. ವಯಸ್ಸು 35. ಮಹಾಪಧಮನಿ ಸೀಳಿತ್ತು. ನಾಟಕಕ್ಕೆ ಅದೇ ವರ್ಷ ಪುಲಿಟ್ಜರ್ ಬಂತು. ರಾಜ್ಯದ ಆರೋಗ್ಯ ಇಲಾಖೆ ತನಿಖೆ ಮಾಡಿ ಎರಡೂ ಆಸ್ಪತ್ರೆಗಳಿಗೆ ದಂಡ ಹಾಕಿತು.

ಎದೆಗೆ ಎಕ್ಸ್‌ರೇ, ಇಸಿಜಿ ಎಲ್ಲ ಇದ್ದ ಊರಿನಲ್ಲೇ ಹೀಗಾಯಿತು. 2003ರಲ್ಲಿ ಅಮೆರಿಕದ ನಟ ಜಾನ್ ರಿಟ್ಟರ್‌ಗೆ ಹಾರ್ಟ್ ಅಟ್ಯಾಕ್ ಅಂತ ಚಿಕಿತ್ಸೆ ಕೊಡಲಾಯಿತು. ಆತನೂ ಸತ್ತದ್ದು ಮಹಾಪಧಮನಿ ಸೀಳಿ. ವೈದ್ಯರದ್ದು ನಿರ್ಲಕ್ಷ್ಯವಲ್ಲ ಎಂದು ಜ್ಯೂರಿ 2008ರಲ್ಲಿ ತೀರ್ಪು ಕೊಟ್ಟಿತು. ಇದನ್ನು ಯಾಕೆ ಹೇಳ್ತಿದ್ದೇನೆ ಅಂದ್ರೆ, ಡ್ಯೂಟಿ ಡಾಕ್ಟರ್ ಕಾಲರ್ ಹಿಡಿಯೋದು ಇದಕ್ಕೆ ಪರಿಹಾರ ಅಲ್ಲ. ಪಾಶ್ಚಾತ್ಯ ದೇಶಗಳ ಅಧ್ಯಯನಗಳ ಪ್ರಕಾರ ಇದು ವರ್ಷಕ್ಕೆ ಲಕ್ಷ ಜನರಲ್ಲಿ ಮೂರರಿಂದ ಆರು ಮಂದಿಗೆ ಬರುವ ಕಾಯಿಲೆ. ಇಸಿಜಿ ನಾರ್ಮಲ್ ಇರಬಹುದು. ನೋವು ಕಡಿಮೆಯೂ ಆಗಬಹುದು. ಹುಡುಕಿದರೆ ಮಾತ್ರ ಸಿಗುತ್ತದೆ.

ಒಬ್ಬರ ಮದ್ದು ಇನ್ನೊಬ್ಬರ ವಿಷ

ಹಾರ್ಟ್ ಅಟ್ಯಾಕ್‌ನಲ್ಲಿ ಹೃದಯದ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರುತ್ತದೆ. ಹಾಗಾಗಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಮಹಾಪಧಮನಿ ಸೀಳಿದಾಗ ಆಗಿರೋದು ಹರುಕು. ಅಲ್ಲಿ ಅದೇ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವ ನಿಲ್ಲೋದೇ ಇಲ್ಲ. ಎರಡಕ್ಕೂ ಹೊರಗಿನ ಲಕ್ಷಣ ಒಂದೇ: ಎದೆನೋವು, ಬೆವರು, ಭಯ.

ನಮ್ಮ ರಾಜ್ಯಕ್ಕೆ ಇದು ನೇರವಾಗಿ ಸಂಬಂಧಿಸಿದ್ದು ಇಲ್ಲೇ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ಹೃದ್ರೋಗ ತಜ್ಞರಿಗೆ ಹೋಗುತ್ತದೆ. ಅಟ್ಯಾಕ್ ಎಂದಾದರೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಇದು ಒಳ್ಳೆಯ ಯೋಜನೆ, ಎರಡು ಮಾತಿಲ್ಲ. ಹಾರ್ಟ್ ಅಟ್ಯಾಕ್ ಬಹಳ ಜಾಸ್ತಿ, ಮಹಾಪಧಮನಿ ಸೀಳೋದು ಬಹಳ ಅಪರೂಪ. ಆದ್ದರಿಂದ ಇದನ್ನು ಓದಿ ಯಾರೂ ಆ ಇಂಜೆಕ್ಷನ್‌ಗೆ ಹೆದರಬೇಕಿಲ್ಲ. ಅದನ್ನು ಕೊಡುವ ಮೊದಲು ಮಹಾಪಧಮನಿ ಸೀಳಿರಬಹುದೇ ಎಂದು ಕೇಳಿಕೊಳ್ಳಬೇಕು ಅನ್ನೋದು ಜಗತ್ತಿನಾದ್ಯಂತ ಇರುವ ನಿಯಮ. ನನ್ನ ಮಾತು ಇಷ್ಟೇ: ಆ ಪ್ರಶ್ನೆ ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕುವ ಸಾಲಾಗದೆ, ನಿಜಕ್ಕೂ ಕೇಳುವ ಪ್ರಶ್ನೆಯಾಗಬೇಕು.

ಕೇಳೋಕೆ ದುಡ್ಡು ಬೇಕಿಲ್ಲ. ನೋವು ಏಕಾಏಕಿ ಬಂತಾ? ಶುರುವಾದ ಕ್ಷಣವೇ ಅತಿ ಜೋರಾಗಿತ್ತಾ? ಬಟ್ಟೆ ಹರಿದ ಹಾಗೆ, ಚಾಕು ಎಳೆದ ಹಾಗೆ ಇತ್ತಾ? ಎದೆಯಿಂದ ಬೆನ್ನಿಗೆ, ಹೊಟ್ಟೆಗೆ ಜಾರಿತಾ? ಎರಡೂ ತೋಳಿನಲ್ಲಿ ಬಿಪಿ ನೋಡಿದರೆ 20ಕ್ಕಿಂತ ಹೆಚ್ಚು ವ್ಯತ್ಯಾಸ ಇದೆಯಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೀಗೆ ಹಠಾತ್ತನೆ ಹೋಗಿದ್ದಾರಾ? ಅನುಮಾನ ಬಂದರೆ ಉತ್ತರ ಕೊಡೋದು ಕಾಂಟ್ರಾಸ್ಟ್ ಹಾಕಿ ತೆಗೆಯುವ ಸಿಟಿ ಸ್ಕ್ಯಾನ್.

ಮೊದಲ ಚಿಕಿತ್ಸೆಯೂ ದೊಡ್ಡ ಖರ್ಚಿನದಲ್ಲ. ನೋವು ಇಳಿಸೋದು, ರಕ್ತನಾಳಕ್ಕೆ ಬೀಟಾ ಬ್ಲಾಕರ್ ಕೊಟ್ಟು ನಾಡಿಬಡಿತವನ್ನು 60ರ ಹತ್ತಿರಕ್ಕೆ, ಮೇಲಿನ ಬಿಪಿಯನ್ನು 100ರಿಂದ 120ರೊಳಗೆ ತರೋದು. ಹೀಗೆ ಮಾಡಿದರೆ ಸೀಳಿನ ಮೇಲಿನ ಒತ್ತಡ ತಗ್ಗುತ್ತದೆ, ಸಮಯ ಸಿಗುತ್ತದೆ. ನಂತರ ಹೃದಯ ಶಸ್ತ್ರಚಿಕಿತ್ಸಕರಿರುವ ಕಡೆಗೆ ಸಾಗಿಸಬೇಕು. ಅಲ್ಲಿ ಹರಿದ ಭಾಗ ತೆಗೆದು ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. 1950ರ ದಶಕದಲ್ಲಿ ಈ ಆಪರೇಷನ್‌ಗೆ ದಾರಿ ಮಾಡಿದ ಮೈಕೆಲ್ ಡಿಬೇಕಿ, ಅಂಗಡಿಯಿಂದ ಬಟ್ಟೆ ತಂದು ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದಿದ್ದರು. 2005ರ ಕೊನೆಯ ದಿನ, 97ನೇ ವಯಸ್ಸಿನಲ್ಲಿ, ಅವರ ಮಹಾಪಧಮನಿಯೇ ಸೀಳಿತು. ಮುಂದಿನ ಫೆಬ್ರವರಿಯಲ್ಲಿ ಆಪರೇಷನ್ ಆಯಿತು, 2008ರವರೆಗೆ ಬದುಕಿದರು. ಡಿಬೇಕಿಗೆ ಸುತ್ತಲೂ ಅವರೇ ಕಟ್ಟಿದ ವ್ಯವಸ್ಥೆ ಇತ್ತು. ಬೇರೆಯವರಿಗೆ ಏನಿದೆ?

ಗಂಟೆಗಳ ಲೆಕ್ಕ

ಹಿರಿಯೂರಿನಾಚೆಯ ಹಳ್ಳಿಯೋ, ಸುರಪುರದ ತಾಂಡಾವೋ ಅಂದುಕೊಳ್ಳಿ. ರಾತ್ರಿ ನೋವು ಬರುತ್ತದೆ. ಸೋಡಾ ಕುಡಿದು ಬೆಳಗಿನವರೆಗೆ ಕಾಯುವುದು ಒಂದು ಲೆಕ್ಕ. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ರೆಫರ್ ಚೀಟಿ. ಜಿಲ್ಲೆಯಲ್ಲಿ ಸ್ಕ್ಯಾನ್, ಮತ್ತೊಂದು ಚೀಟಿ. ಆಮೇಲೆ ಬೆಂಗಳೂರೋ, ಕಲಬುರಗಿಯೋ, ಸೊಲ್ಲಾಪುರವೋ. ಅಲ್ಲಿ ಬೆಡ್ ಇಲ್ಲ ಅಂದರೆ ಇನ್ನೊಂದು ಗೇಟು. ಪ್ರತಿ ಚೀಟಿಯೂ ಒಂದೆರಡು ಗಂಟೆ. ಹಳೆಯ ಪಠ್ಯದ ಲೆಕ್ಕ ಹಿಡಿದರೆ, ಹತ್ತು ಗಂಟೆ ಕಳೆದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿ ಇರೋದಿಲ್ಲ. ನಾಳ ಸೀಳುವ ವೇಗ ಬಡವರಿಗೂ ಶ್ರೀಮಂತರಿಗೂ ಒಂದೇ. ಚೀಟಿಗಳ ಸಂಖ್ಯೆ ಮಾತ್ರ ಬೇರೆ ಬೇರೆ. ಹೆಂಗಸರಲ್ಲಿ ಇದು ಪತ್ತೆಯಾಗೋದು ಇನ್ನೂ ತಡ ಅಂತ ಅಂತಾರಾಷ್ಟ್ರೀಯ ನೋಂದಣಿಯೂ ತೋರಿಸಿದೆ.

ಇಂಗ್ಲೆಂಡ್‌ನಲ್ಲಿ ಈ ವಿಳಂಬವನ್ನೇ ಆರೋಗ್ಯ ಸುರಕ್ಷತಾ ತನಿಖಾ ಸಂಸ್ಥೆಯೊಂದು ಪರಿಶೀಲಿಸಿ 2020ರಲ್ಲಿ ವರದಿ ಕೊಟ್ಟಿತು. ರೋಗಿಗಳ ಕುಟುಂಬಗಳು ಅದಕ್ಕೂ ಮೊದಲೇ 'ಥಿಂಕ್ ಅಯೋರ್ಟಾ' ಎಂಬ ಅಭಿಯಾನ ಶುರು ಮಾಡಿದ್ದವು. ತುರ್ತು ವಿಭಾಗದ ಬಾಗಿಲಲ್ಲೇ ರೋಗಿಗಳನ್ನು ವಿಂಗಡಿಸುವ ಪಟ್ಟಿಯಲ್ಲಿ 'ಅಯೋರ್ಟಾ ನೋವು' ಎಂಬ ಸಾಲು ಸೇರಿತು. ಒಂದು ಸಾಲು ಅಷ್ಟೇ. ಆದರೆ ಆ ಸಾಲು ಬಂದದ್ದು ಸತ್ತವರ ಮನೆಯವರು ಕೂಗಿದ್ದರಿಂದ.

ನಾವು ಕೇಳಬೇಕಾದ್ದೂ ಇಂಥದ್ದೇ. ಹೃದಯ ಜ್ಯೋತಿಯ ಅದೇ ಜಾಲ, ಅದೇ ತಜ್ಞರ ಫೋನು ಮಹಾಪಧಮನಿಯ ಅನುಮಾನಕ್ಕೂ ತೆರೆದಿರಲಿ. ಜಿಲ್ಲಾ ಆಸ್ಪತ್ರೆಯ ಸಿಟಿ ಯಂತ್ರ ರಾತ್ರಿಯೂ ನಡೆಯಲಿ, ಅದನ್ನು ಓದುವವರು ಇರಲಿ. 108ಕ್ಕೆ ಆಪರೇಷನ್ ಎಲ್ಲಿ ಆಗುತ್ತದೆ ಅನ್ನೋ ಪಟ್ಟಿ ಗೊತ್ತಿರಲಿ, ನಡುವಿನ ಗೇಟುಗಳು ತಪ್ಪಲಿ. ಹಠಾತ್ ಸಾವುಗಳ ಮರಣೋತ್ತರ ವರದಿಯಲ್ಲಿ ಮಹಾಪಧಮನಿ ಸೀಳಿದ ಪ್ರಕರಣ ಎಷ್ಟು ಅಂತ ಪ್ರತಿ ವರ್ಷ ಪ್ರಕಟವಾಗಲಿ. ಎಣಿಸದಿದ್ದರೆ ಬಜೆಟ್ ಬರೋದಿಲ್ಲ.

ಇದೆಲ್ಲಕ್ಕಿಂತ ಮೊದಲಿನ ಕೆಲಸ ಬಿಪಿ. ಈ ಕಾಯಿಲೆ ಬಂದವರಲ್ಲಿ ಮುಕ್ಕಾಲು ಪಾಲಿನಷ್ಟು ಜನರಿಗೆ ರಕ್ತದೊತ್ತಡ ಇರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದ ಶೇ 24 ಗಂಡಸರು, ಶೇ 21 ಹೆಂಗಸರಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ತಗೊಳ್ತಿದ್ದಾರೆ. ಪಿಎಚ್‌ಸಿಯಲ್ಲಿ ಮಾತ್ರೆ ಖಾಲಿಯಾದ ತಿಂಗಳು, ಕೂಲಿ ತಪ್ಪುತ್ತೆ ಅಂತ ಹೋಗದ ತಿಂಗಳು, ಇವು ಎಲ್ಲೂ ದಾಖಲಾಗೋದಿಲ್ಲ.

ಇನ್ನು ನಿಮ್ಮ ಪಾಲಿನ ಕೆಲಸ. ಏಕಾಏಕಿ, ಹರಿದಂತಹ ನೋವು ಯಾರಿಗಾದರೂ ಬಂದರೆ ಸೋಡಾ ಬೇಡ, ಬೈಕ್ ಹಿಂದೆ ಕೂರಿಸೋದು ಬೇಡ, 108 ಕರೆಯಿರಿ. ನೋವು ಶುರುವಾದ ಸಮಯ ಬರೆದಿಟ್ಟುಕೊಳ್ಳಿ. ಕುಸಿದು ಉಸಿರು ನಿಂತರೆ ಎದೆ ಒತ್ತಲು ಶುರು ಮಾಡಿ. ಆಸ್ಪತ್ರೆಯಲ್ಲಿ ಮರ್ಯಾದೆಯಿಂದಲೇ, ಆದರೆ ಗಟ್ಟಿಯಾಗಿ ಕೇಳಿ: "ಡಾಕ್ಟ್ರೇ, ಇದು ಅಯೋರ್ಟಾ ಇರಬಹುದಾ? ಎರಡೂ ಕೈಲಿ ಬಿಪಿ ನೋಡ್ತೀರಾ?" ಬಹಳ ಸಲ ಉತ್ತರ 'ಅಲ್ಲ' ಅಂತಲೇ ಬರುತ್ತದೆ. ಹಾಗೇ ಬರಲಿ. ಆದರೆ ಆ ಪ್ರಶ್ನೆಯನ್ನು ಯಾರಾದರೂ ಕೇಳಿರಬೇಕು.