ಪಠ್ಯೇತರ ಚಟುವಟಿಕೆಗಳೂ ಕಾಲೇಜಿನ ಪ್ರವೇಶವೂ

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಹೆದ್ದಾರಿಯಲ್ಲಿ ಮೊದಲು ಕಡಿಯಾಳಿ, ಅದರಾಚೆ ಕುಂಜಿಬೆಟ್ಟು. 1949ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಇರುವುದು ಇಲ್ಲಿಯೇ. ಮುಂದೆ ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜು. ಈ ಹಾದಿಯಲ್ಲಿ ದಿನವೂ ಓಡಾಡುವ ವಿದ್ಯಾರ್ಥಿಗಳಲ್ಲಿ ಪ್ರೌಢಶಾಲೆಯಲ್ಲಿಯೇ ಯಕ್ಷಗಾನದ ಹೆಜ್ಜೆ ಕಲಿತವರುಂಟು. ಪಿ.ಯು.ಸಿ.ಗೆ ಬಂದೊಡನೆ ಮನೆಯಲ್ಲಿ ಪ್ರಶ್ನೆಯೇಳುತ್ತದೆ: ಕುಣಿತ, ಆಟ, ಚರ್ಚಾಕೂಟಗಳನ್ನು ಇನ್ನು ಬಿಡಬೇಕೆ? ಅಥವಾ ಒಳ್ಳೆಯ ಕಾಲೇಜಿನ ಬಾಗಿಲನ್ನು ಇವೇ ತೆರೆಯುವುವೆ?

ಉತ್ತರವು ಯಾವ ಬಾಗಿಲು ಎಂಬುದನ್ನು ಅವಲಂಬಿಸಿದೆ. ವೈದ್ಯಕೀಯ ಶಿಕ್ಷಣಕ್ಕೆ ನೀಟ್ ಪರೀಕ್ಷೆಯ ಶ್ರೇಯಾಂಕ ಬೇಕು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗೆ ಜೆ.ಇ.ಇ. ಮೈನ್ ಶ್ರೇಯಾಂಕ. ರಾಜ್ಯದ ಇಂಜಿನಿಯರಿಂಗ್ ಸೀಟುಗಳಿಗೆ ಸಿ.ಇ.ಟಿ. ಮತ್ತು ದ್ವಿತೀಯ ಪಿ.ಯು.ಸಿ. ಅಂಕಗಳನ್ನು ಸಮಸಮವಾಗಿ ಎಣಿಸುತ್ತಾರೆ. ಯಕ್ಷಗಾನದ ಬಹುಮಾನಕ್ಕೆ ಇಲ್ಲೆಲ್ಲಿಯೂ ಅಂಕವಿಲ್ಲ. ಕ್ರೀಡೆ, ಎನ್.ಸಿ.ಸಿ., ಸ್ಕೌಟ್ಸ್ ಮತ್ತು ಗೈಡ್ಸ್ ಇವುಗಳಿಗೆ ಮಾತ್ರ ಸಿ.ಇ.ಟಿ.ಯ ವಿಶೇಷ ವರ್ಗಗಳಲ್ಲಿ ಕೆಲವು ಸೀಟುಗಳಿವೆ. ಮದರಾಸಿನ ಐ.ಐ.ಟಿ.ಯು 2024ರಿಂದ ಪ್ರತಿಯೊಂದು ಸ್ನಾತಕ ತರಗತಿಯಲ್ಲಿ ಎರಡು ಹೆಚ್ಚುವರಿ ಸೀಟುಗಳನ್ನು ಕ್ರೀಡಾಪಟುಗಳಿಗೆ ಇರಿಸಿದೆ. ಆದರೆ ಅವರೂ ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯಲ್ಲಿ ಶ್ರೇಯಾಂಕ ಪಡೆದಿರಲೇಬೇಕು.

ಅಮೆರಿಕದ ಹೆಸರಾಂತ ಕಾಲೇಜುಗಳ ಪದ್ಧತಿ ಬೇರೆ. ಅಲ್ಲಿ ಅಂಕಗಳೊಡನೆ ಚಟುವಟಿಕೆಗಳನ್ನೂ ತೂಗಿ ನೋಡುತ್ತಾರೆ. ಆದರೆ ಆ ಪದ್ಧತಿಯ ಹುಟ್ಟು ನಿಷ್ಕಳಂಕವಲ್ಲ. 1920ರ ದಶಕದಲ್ಲಿ, ಪರೀಕ್ಷೆಯಲ್ಲಿ ಮುಂದಿದ್ದ ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವ ಉದ್ದೇಶದಿಂದಲೂ ಹಾರ್ವರ್ಡ್ ಮೊದಲಾದ ವಿದ್ಯಾಲಯಗಳು ‘ಶೀಲ’, ‘ವ್ಯಕ್ತಿತ್ವ’ ಎಂಬ ಅಳತೆಗಳಿಗೆ ಮಹತ್ವವಿತ್ತವು. ಅಂಕವು ಕಿರಿದಾದ ಅಳತೆಗೋಲು, ನಿಜ. ಆದರೆ ಹಿರಿದಾದ ಅಳತೆಗೋಲಿನಲ್ಲಿ ಪಕ್ಷಪಾತಕ್ಕೂ ಹೆಚ್ಚು ಎಡೆಯುಂಟು.

ಇನ್ನೊಂದು ತೊಡಕಿದೆ. ಅನ್ನ ಬೆಂದಿದೆಯೆ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡುತ್ತೇವೆ. ಉಳಿದ ಅಗುಳುಗಳೂ ಅದೇ ನೀರಿನಲ್ಲಿ ಬೆಂದಿರುವುದರಿಂದ ಈ ಪರೀಕ್ಷೆ ಸಲ್ಲುತ್ತದೆ. ತಾನು ತೋರಿಸಬೇಕಾದ ಅಗುಳು ಯಾವುದೆಂದು ಮೊದಲೇ ತಿಳಿದು, ಅಡುಗೆಯವನು ಅದೊಂದನ್ನೇ ಬೇಯಿಸಿಟ್ಟರೆ? ಪರೀಕ್ಷೆ ವ್ಯರ್ಥ, ಊಟವೂ ಇಲ್ಲ! ಅಳತೆಯೇ ಗುರಿಯಾದಾಗ ಅದು ಅಳತೆಯಾಗಿ ಉಳಿಯದೆಂಬುದು ಈ ತತ್ತ್ವದ ಸಾರ. 1975ರಲ್ಲಿ ಹಣಕಾಸಿನ ನೀತಿಯ ಸಂದರ್ಭದಲ್ಲಿ ಇದನ್ನು ಹೊರಗೆಡಹಿದ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟರ ಹೆಸರಿನಿಂದಲೇ ಈಗ ಅದನ್ನು ಕರೆಯುತ್ತಾರೆ. ಅರ್ಜಿಗಾಗಿಯೇ ಕೂಡಿಹಾಕಿದ ಪ್ರಮಾಣಪತ್ರಗಳ ಕಟ್ಟು ಆ ಒಂಟಿ ಅಗುಳಿನಂತೆ.

ನಿಜವಾದ ಪಾಕ ಹೇಗಿರುತ್ತದೆ? ಆಕ್ಸ್‌ಫರ್ಡಿನ ರೋಡ್ಸ್ ವಿದ್ಯಾರ್ಥಿವೇತನವು ವಿದ್ಯೆಯ ಜೊತೆಗೆ ಶೀಲ, ನಾಯಕತ್ವಗಳನ್ನೂ ಕೇಳುತ್ತದೆ. ಅದನ್ನು ಪಡೆದವರಲ್ಲಿ ನಮ್ಮ ಗಿರೀಶ ಕಾರ್ನಾಡರೂ ಒಬ್ಬರು. 1958ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಿಂದ ಅವರು ಪಡೆದ ಪದವಿ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಆದರೆ ಅವರ ಮನಸ್ಸು ಬಾಲ್ಯದಿಂದಲೂ ನಾಟಕದಲ್ಲಿತ್ತು. ಆಕ್ಸ್‌ಫರ್ಡಿಗೆ ಹೊರಡುವ ಮುನ್ನ ಬರೆದ ‘ಯಯಾತಿ’ 1961ರಲ್ಲಿ ಪ್ರಕಟವಾಯಿತು. ಅದು ಯಾವ ಅರ್ಜಿಗೂ ಬರೆದುದಲ್ಲ. ಮುಂದೆ ಆಕ್ಸ್‌ಫರ್ಡ್ ಯೂನಿಯನ್ ಚರ್ಚಾಸಂಘಕ್ಕೆ ಅವರು ಅಧ್ಯಕ್ಷರೂ ಆದರು. ಗಣಿತದ ದರ್ಜೆಯೂ ನಾಟಕದ ಗೀಳೂ ಒಂದೇ ತಲೆಯಲ್ಲಿ ಬೆಂದವು.

ಆದುದರಿಂದ ವಿದ್ಯಾರ್ಥಿಗಳು ಮೊದಲು ತಾವು ಬಯಸುವ ಕಾಲೇಜಿನ ನಿಯಮಾವಳಿಯನ್ನು ತಾವೇ ಓದಬೇಕು. ಶ್ರೇಯಾಂಕವನ್ನೇ ಕೇಳುವಲ್ಲಿ ಪ್ರಮಾಣಪತ್ರವನ್ನು ನಂಬಿ ಕೂಡುವುದು ಹಾನಿಕರ; ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆ. ಪರೀಕ್ಷೆಯ ವರ್ಷದಲ್ಲಿ ಕುಣಿತದ ಅವಧಿಯನ್ನು ಕುಗ್ಗಿಸಬೇಕಾದೀತು. ಆದರೆ ಅಂಕವಿಲ್ಲವೆಂಬ ಒಂದೇ ಕಾರಣಕ್ಕೆ ಗೆಜ್ಜೆಯನ್ನು ಪೂರ್ತಿ ಬಿಚ್ಚಿಡುವವನು ಲೆಕ್ಕ ತಪ್ಪಿದ್ದಾನೆ. ತಾಳಕ್ಕೆ ತಪ್ಪದೆ ಹೆಜ್ಜೆಯಿಡಲು, ಸಭೆಯೆದುರು ಅಳುಕದೆ ಅರ್ಥ ಹೇಳಲು ಕಲಿತ ಅಭ್ಯಾಸವು ಪ್ರವೇಶದ ದಿನ ಉಪಯೋಗಕ್ಕೆ ಬಾರದಿರಬಹುದು. ಪ್ರವೇಶವಾದ ಮೇಲಿನ ವರ್ಷಗಳಿಗೆ ಅದು ಬೇಕೇ ಬೇಕು.