ಐಸಿಯುನಿಂದ ಬಂದವರು ಮನೆ ಮುಟ್ಟಲು ತಿಂಗಳುಗಳು ಬೇಕು

"ಡಿಸ್ಚಾರ್ಜ್ ಆಯ್ತು, ಅಲ್‌ಹಮ್ದುಲಿಲ್ಲಾಹ್" ಅಂತ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಮೆಸೇಜ್ ಬಂದ ಕೂಡಲೇ ನಾವೆಲ್ಲ ಎಂತ ಮಾಡುತ್ತೇವೆ? ಒಂದು ಕೆ.ಜಿ. ಸೇಬು, ಒಂದು ಹಾರ್ಲಿಕ್ಸ್ ಬಾಟ್ಲಿ ಹಿಡಿದುಕೊಂಡು ಹೊರಡುತ್ತೇವೆ. ಆ ಮನೆಯ ಜಗಲಿ ತುಂಬ ಚಪ್ಪಲಿ. ಒಳಗೆ ಹೋದವರದ್ದೆಲ್ಲ ಒಂದೇ ಪ್ರಶ್ನೆ: "ಈಗ ಆರಾಮ ಅಲ್ವಾ?" ಮಲಗಿದವರು ಹೌದು ಅಂತ ತಲೆ ಆಡಿಸುತ್ತಾರೆ. ಹದಿನೈದು ದಿನ ಕಳೆದ ಮೇಲೆ ಆ ಕಡೆ ತಲೆ ಹಾಕುವವರು ಕಡಿಮೆ. ರೋಗದ ಎರಡನೇ ಪಾಲು ಶುರುವಾಗುವುದು ಆಗಲೇ. ಕಳೆದ ಮಳೆಗಾಲದವರೆಗೆ ನಮಗೂ ಇದು ಗೊತ್ತಿರಲಿಲ್ಲ.

ನಮ್ಮ ಅಕ್ಕನ ಗಂಡ ಮೀನಿನ ವ್ಯಾಪಾರದವರು. ವಯಸ್ಸು ಐವತ್ತಾರು. ಕೆಮ್ಮು, ಜ್ವರ ಅಂತ ನಾಲ್ಕು ದಿನ ಮಾತ್ರೆ ನುಂಗಿ ಕಳೆದರು. ಅದು ನ್ಯುಮೋನಿಯಾ ಆಗಿ, ನಂಜು ರಕ್ತಕ್ಕೆ ಏರಿತು. ಹತ್ತೊಂಬತ್ತು ದಿನ ಐಸಿಯು, ಅದರಲ್ಲಿ ಹದಿಮೂರು ದಿನ ವೆಂಟಿಲೇಟರ್. ನಾವು ಮಯ್ಯತ್ತಿನ ವಿಚಾರವನ್ನೂ ಮನಸ್ಸಿನಲ್ಲಿ ಯೋಚಿಸಿದ್ದೆವು, ಸುಳ್ಳು ಹೇಳುವುದಿಲ್ಲ. ಅಲ್ಲಾಹನ ಕೃಪೆಯಿಂದ ಭಾವ ಮನೆಗೆ ಬಂದರು. ಬಂಗುಡೆಯ ಬಾಕ್ಸ್ ಒಬ್ಬರೇ ಎತ್ತಿ ರಿಕ್ಷಾಕ್ಕೆ ಹಾಕುತ್ತಿದ್ದವರಿಗೆ ಅಂದು ಚಾದ ಗ್ಲಾಸ್ ಬಾಯಿಯವರೆಗೆ ತರಲಿಕ್ಕೆ ಆಗಲಿಲ್ಲ.

ನೋಡಲು ಬಂದ ಒಬ್ಬರು "ಮಲಗಿ ಮಲಗಿ ಅಭ್ಯಾಸ ಆಗಿದೆ, ಎಬ್ಬಿಸಿ" ಅಂದರು. ಇದು ಸೋಮಾರಿತನ ಅಲ್ಲ. ಗಂಭೀರ ರೋಗದಲ್ಲಿ ದೇಹ ತನ್ನ ಸ್ನಾಯುವನ್ನೇ ಕರಗಿಸಿ ತಿನ್ನುತ್ತದೆ. ಬ್ರಿಟನ್‌ನ ವೈದ್ಯರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಸ್ಕ್ಯಾನಿಂಗ್‌ನಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೇ 10 ದಿನಗಳಲ್ಲಿ ಅದು ಶೇ. 15ಕ್ಕಿಂತಲೂ ಹೆಚ್ಚು ಕುಗ್ಗಿತ್ತು. ಕರಗಲು ಹತ್ತು ದಿನ ಸಾಕು, ಮತ್ತೆ ಕಟ್ಟಲು ತಿಂಗಳುಗಳು ಬೇಕು. ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಫಿಸಿಯೋಥೆರಪಿಯ ಹುಡುಗ ಭಾವನಿಗೆ ಮೊದಲ ದಿನ ಕೊಟ್ಟ ಕೆಲಸ ಮಂಚದ ಅಂಚಿನಲ್ಲಿ ಐದು ನಿಮಿಷ ಕೂತುಕೊಳ್ಳುವುದು, ಅಷ್ಟೇ. ಅಷ್ಟಕ್ಕೇ ಅವರಿಗೆ ಬೆವರು ಕಿತ್ತುಬಂತು. ಆಮೇಲೆ ಕುರ್ಚಿ ಹಿಡಿದು ಎದ್ದು ನಿಲ್ಲುವುದು, ಬಾಗಿಲವರೆಗೆ ಹೋಗುವುದು. ಜಗಲಿ ಮುಟ್ಟಲು ಮೂರು ವಾರ ಬೇಕಾಯಿತು.

ಇನ್ನು ನಮ್ಮ ತಪ್ಪಿನ ಕಥೆ.

ಭಾವ ರಾತ್ರಿ ನಿದ್ರೆ ಮಾಡುತ್ತಿರಲಿಲ್ಲ. ಲೈಟ್ ಆರಿಸಿದರೆ ಕಿರುಚುತ್ತಿದ್ದರು. ತನ್ನ ಕೈ ಕಟ್ಟಿ, ಐಸ್ ತುಂಬಿದ ಮೀನಿನ ಬಾಕ್ಸಿನಲ್ಲಿ ಮಲಗಿಸಿ ಧಕ್ಕೆಯಲ್ಲಿ ಏಲಂ ಹಾಕಿದ್ದರು, ಅಕ್ಕ ಅಲ್ಲೇ ನಿಂತು ನೋಡುತ್ತಾ ಇದ್ದಳು ಅಂತ ಹೇಳುತ್ತಿದ್ದರು. ಅಕ್ಕನ ಕೈಯಿಂದ ಗಂಜಿಯನ್ನೂ ಮುಟ್ಟಲಿಲ್ಲ. ನೆರೆಕರೆಯವರು "ಇದು ಬೇರೆಯೇ ಉಪದ್ರ, ಉಸ್ತಾದರನ್ನು ಕರೆಯಿರಿ" ಅಂದರು. ಉಸ್ತಾದ್ ಅಂದರೆ ನಾವೇ. ಹೋದೆವು, ಓದಿ ನೀರಿಗೆ ಊದಿ ಕೊಟ್ಟೆವು. ಅದರಲ್ಲಿ ತಪ್ಪಿಲ್ಲ, ಶಿಫಾಕ್ಕಾಗಿ ದುಆ ಮಾಡುವುದು ನಮ್ಮ ಕೆಲಸವೇ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. "ಅಲ್ಲಾಹನು ಜೀವ ಉಳಿಸಿ ಕೊಟ್ಟಿದ್ದಾನೆ, ಶುಕ್ರ್ ಮಾಡುವುದು ಬಿಟ್ಟು ಹೆಂಡತಿಯ ಮೇಲೆ ಆರೋಪ ಹೊರಿಸುವುದಾ? ಸಬ್ರ್ ಬೇಡ್ವಾ ಭಾವ?" ಅಂತ ಹತ್ತು ಜನರ ಎದುರು ಉಪದೇಶ ಮಾಡಿದೆವು. ಅವರು ಗೋಡೆ ಕಡೆ ತಿರುಗಿ ಮಲಗಿದರು. ಒಂದು ವಾರ ನಮ್ಮ ಹತ್ತಿರ ಮಾತಿಲ್ಲ.

ತಪಾಸಣೆಗೆ ಹೋದಾಗ ಡಾಕ್ಟರಲ್ಲಿ ಅಕ್ಕ ಅಳುತ್ತಾ ಇದನ್ನು ಹೇಳಿದಳು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ನಂಜು, ಆಮ್ಲಜನಕದ ಕೊರತೆ, ಮಂಪರಿನ ಮದ್ದು, ಹಗಲು ರಾತ್ರಿ ಆರದ ಲೈಟು, ಮಿಷನ್‌ಗಳ ಬೀಪ್ ಬೀಪ್, ಇವೆಲ್ಲ ಸೇರಿ ಮೆದುಳು ಗಲಿಬಿಲಿಯಾಗುತ್ತದೆ. ವೆಂಟಿಲೇಟರ್‌ನಲ್ಲಿ ಇದ್ದವರಲ್ಲಿ ಇದು ತೀರಾ ಸಾಮಾನ್ಯ. ನಡೆದ ಸಂಗತಿ ಮರೆತುಹೋಗುತ್ತದೆ, ನಡೆಯದ ಸಂಗತಿ ಕಣ್ಣಿಗೆ ಕಟ್ಟಿದ ಹಾಗೆ ಉಳಿಯುತ್ತದೆ. ಕೈ ಕಟ್ಟಿದ್ದು ನಿಜವೇ ಆಗಿತ್ತು, ಗಂಟಲಿನ ಪೈಪ್ ಎಳೆದು ಹಾಕಬಾರದು ಅಂತ. ಬಾಕ್ಸ್, ಐಸ್, ಏಲಂ ಎಲ್ಲ ಅವರ ಮೂವತ್ತು ವರ್ಷದ ವ್ಯಾಪಾರದಿಂದ ಮೆದುಳು ಸೇರಿಸಿಕೊಂಡದ್ದು. ಭಾವ ನಾಟಕ ಮಾಡಿದ್ದಲ್ಲ, ಅವರಿಗೆ ಬೇರೆ ಉಪದ್ರವೂ ಇರಲಿಲ್ಲ. ಮರುದಿನವೇ ಹೋಗಿ ಮಾಫ್ ಕೇಳಿದೆವು.

ಐಸಿಯು ಎಂಬುದೇ ಹಳೆಯ ಸಂಗತಿಯೇನೂ ಅಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ ರೋಗಿಗಳು ಉಸಿರಾಡಲಾಗದೆ ಸಾಯುತ್ತಿದ್ದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ಕೊಳವೆ ಹಾಕಿ ಚೀಲದಿಂದ ಗಾಳಿ ಒತ್ತುವ ಉಪಾಯ ಮಾಡಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಹಗಲು ರಾತ್ರಿ ಕೈಯಿಂದಲೇ ಒತ್ತಿದರು. ಅಲ್ಲಿಂದ ಹುಟ್ಟಿದ್ದು ಇಂದಿನ ಐಸಿಯು. ಜೀವ ಉಳಿದವರ ಮುಂದಿನ ಪಾಡಿಗೆ ಹೆಸರು ಸಿಕ್ಕಿದ್ದು ಮಾತ್ರ ತೀರಾ ಇತ್ತೀಚೆಗೆ, 2012ರ ಹೊತ್ತಿಗೆ. 'ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್' ಅನ್ನುತ್ತಾರೆ. ದೇಹದ ನಿತ್ರಾಣ, ಮರೆವು ಮತ್ತು ಲೆಕ್ಕ ತಪ್ಪುವುದು, ಭಯ ಮತ್ತು ಬೇಸರ, ಮೂರೂ ಅದರಲ್ಲಿ ಸೇರಿವೆ. ಮನೆಯವರಿಗೆ ಆಗುವ ಆಘಾತವನ್ನೂ ವೈದ್ಯರು ಇದರ ಜೊತೆಗೇ ಸೇರಿಸಿದ್ದಾರೆ. ಅಕ್ಕ ಈಗಲೂ ರಾತ್ರಿ ಫೋನ್ ರಿಂಗ್ ಆದರೆ ಎದ್ದು ಕೂರುತ್ತಾಳೆ. ಅವಳನ್ನು "ನೀನು ಹೇಗಿದ್ದೀ?" ಅಂತ ಕೇಳಿದವರು ಯಾರು? ನಾವೂ ಕೇಳಿರಲಿಲ್ಲ. ಇಂಥ ಭಯ, ನಿದ್ರೆ ಇಲ್ಲದ್ದಕ್ಕೆ ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಇಲ್ಲ. ಹುಚ್ಚಿನವರಿಗೆ ಮಾತ್ರ ಅಂತ ನಮ್ಮವರು ಹಿಂಜರಿಯುತ್ತಾರೆ, ಅದು ಬೇಡ.

ಭೇಟಿಗೆ ಹೋಗುವವರಿಗೆ ಎರಡು ಮಾತು. ರೋಗಿಯ ಸಂದರ್ಶನ ಸುನ್ನತ್ ಹೌದು, ಆದರೆ ಬೇಗ ಎದ್ದು ಬರುವುದು ಅದರ ಮರ್ಯಾದೆ. ಇನ್ನೊಂದು, ತಿನ್ನಿಸುವುದು. ಗಂಟಲಲ್ಲಿ ದಿನಗಟ್ಟಲೆ ಪೈಪ್ ಇದ್ದವರಿಗೆ ಸ್ವರ ಒಡೆಯುತ್ತದೆ, ನುಂಗುವ ಶಕ್ತಿ ಕುಂದಿರುತ್ತದೆ. ಗಟ್ಟಿ ಗಂಜಿಗಿಂತ ಬರೇ ನೀರೇ ಕೆಲವರಿಗೆ ಕಷ್ಟ, ಉಸಿರಿನ ದಾರಿಗೆ ಇಳಿದುಬಿಡುತ್ತದೆ. ಪ್ರೀತಿಯಿಂದ ಕೋಳಿ ಸಾರು ತಂದು ಮಲಗಿದಲ್ಲೇ ಬಾಯಿಗೆ ಹೊಯ್ಯಬೇಡಿ. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಡಬೇಕು, ಕೆಮ್ಮು ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ನಮಾಝಿನ ವಿಷಯದಲ್ಲಿ ಭಾವ ಬಹಳ ಕೊರಗಿದ್ದರು. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿ, ಅದೂ ಆಗದಿದ್ದರೆ ಸನ್ನೆಯಲ್ಲಿ ನಿರ್ವಹಿಸಬಹುದು ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಅವರ ಚಿಂತೆ ಪ್ರಜ್ಞೆ ಇಲ್ಲದ ದಿನಗಳದ್ದು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ರೋಗದಿಂದ ಪ್ರಜ್ಞೆ ತಪ್ಪಿಯೇ ಕಳೆದ ವಕ್ತ್‌ಗಳ ನಮಾಝ್ ಖಳಾ ಮಾಡುವುದು ಕಡ್ಡಾಯವಿಲ್ಲ. ಪ್ರಜ್ಞೆ ಇದ್ದೂ ತಪ್ಪಿದ್ದಕ್ಕೆ ಖಳಾ ಉಂಟು. ಇದನ್ನು ಕೇಳಿದ ದಿನ ಅವರು ಸ್ವಲ್ಪ ಉಂಡರು.

ಅವರನ್ನು ನಿಜವಾಗಿ ಹಿಂದಕ್ಕೆ ತಂದದ್ದು ಮಗಳ ನೋಟ್‌ಬುಕ್. ಪಿಯುಸಿ ಓದುವ ಹುಡುಗಿ, ಆಸ್ಪತ್ರೆಯ ಬಿಲ್ ಲೆಕ್ಕ ಬರೆಯಲು ಶುರು ಮಾಡಿದವಳು ದಿನದ ಸುದ್ದಿಯನ್ನೂ ಬರೆದಿಟ್ಟಿದ್ದಳು: ಇಂದು ಜ್ವರ ಇಳಿಯಿತು, ಇಂದು ಉಮ್ಮ ಕೈ ಹಿಡಿದಾಗ ಬಾಪ ಬೆರಳು ಅಲ್ಲಾಡಿಸಿದರು, ಇಂದು ಪೈಪ್ ತೆಗೆದರು. ಡೆನ್ಮಾರ್ಕ್, ಸ್ವೀಡನ್‌ನಂಥ ಕಡೆ ನರ್ಸ್‌ಗಳೇ ಹೀಗೆ ಡೈರಿ ಬರೆದು ರೋಗಿಗೆ ಕೊಡುತ್ತಾರಂತೆ, ಕಳೆದುಹೋದ ದಿನಗಳನ್ನು ಅವರು ಮತ್ತೆ ಜೋಡಿಸಿಕೊಳ್ಳಲಿ ಅಂತ. ನಮ್ಮ ಹುಡುಗಿಗೆ ಅದೊಂದೂ ಗೊತ್ತಿರಲಿಲ್ಲ. ಭಾವ ಆ ಪುಸ್ತಕವನ್ನು ತಲೆದಿಂಬಿನಡಿ ಇಟ್ಟುಕೊಂಡು ದಿನಾ ಓದಿಸಿದರು. ಒಂದು ಸಂಜೆ ಹನ್ನೊಂದನೇ ದಿನದ ಪುಟ ಬಂದಾಗ ನಿಲ್ಲಿಸಿ, "ಹಾಗಾದರೆ ಆ ದಿನ ಉಮ್ಮ ಎಲ್ಲಿದ್ದಳು?" ಅಂತ ಕೇಳಿದರು. "ಬಾಗಿಲ ಹೊರಗೆ, ನೆಲದಲ್ಲಿ ಕೂತು ಯಾಸೀನ್ ಓದುತ್ತಿದ್ದರು" ಅಂದಳು ಮಗಳು.

ಭಾವ ಅಡುಗೆ ಕೋಣೆಯ ಕಡೆ ನೋಡಿ, ಆ ಒಡೆದ ಸ್ವರದಲ್ಲೇ ಅಕ್ಕನ ಹತ್ತಿರ ಗಂಜಿ ಕೇಳಿದರು.